ಮೂರು ಲಿವರಿನ ಟ್ರಕ್ಕು

ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಗಳಲ್ಲಿ ಓಡಾಡುವ ಹಳೆಯ ಟೊಯೋಟಾ ಪಿಕಪ್‌ಗಳ ಒಳಗೆ ಇಣುಕಿದರೆ ಕೆಲವುಗಳಲ್ಲಿ ಮೂರು ಲಿವರ್‌ಗಳು ನೆಲದಿಂದ ಎದ್ದು ನಿಂತಿರುತ್ತವೆ. ಮುಂದಿನದು ಗೇರಿನದು, ಹಿಂದಿನದು ಫೋರ್‌ವೀಲ್‌ನದು. ಇವೆರಡೂ ಕಂಪನಿಯಿಂದಲೇ ಬಂದವು. ನಡುವಿನ ಗಿಡ್ಡ ಲಿವರ್ ಮಾತ್ರ ಆಮೇಲೆ ಸೇರಿದ್ದು. ಗುಜರಿಯಲ್ಲಿದ್ದ ಇನ್ನೊಂದು ಟ್ರಕ್ಕಿನ ಟ್ರಾನ್ಸ್‌ಫರ್ ಕೇಸನ್ನು ಬಿಚ್ಚಿ, ಅದರ ಮುಂದಿನ ಅರ್ಧವನ್ನು ತಂದು, ಈ ಟ್ರಕ್ಕಿನ ಗೇರ್‌ಬಾಕ್ಸಿನ ಬೆನ್ನಿಗೆ ಕೂರಿಸಿದವರ ಕೆಲಸ ಅದು. ಹಿಂದಿನ ಲಿವರನ್ನೂ ನಡುವಿನದನ್ನೂ ಲೋಗೆ ಹಾಕಿ ಕ್ಲಚ್ ಬಿಟ್ಟರೆ ಟ್ರಕ್ಕು ಗಂಟೆಗೆ ಒಂದೂವರೆ ಕಿಲೋಮೀಟರಿಗೂ ಕಡಿಮೆ ವೇಗದಲ್ಲಿ ಬಂಡೆ ಹತ್ತತೊಡಗುತ್ತದೆ. ಪಕ್ಕದಲ್ಲಿ ನಡೆದು ಬರುವ ಗೆಳೆಯ ಮುಂದೆ ಹೋಗಿ ನಿಂತು ಕಾಯಬೇಕಾಗುತ್ತದೆ.

ಇಷ್ಟು ನಿಧಾನ ಯಾಕೆ ಬೇಕು ಎಂಬುದಕ್ಕೆ ಉತ್ತರ ರುಬಿಕಾನ್ ಟ್ರೇಲ್‌ನಲ್ಲಿದೆ. ಜಾರ್ಜ್‌ಟೌನ್ ಕಡೆಯಿಂದ ಟಾಹೋ ಸರೋವರದ ಕಡೆಗೆ ಹೋಗುವ ಸುಮಾರು 35 ಕಿಲೋಮೀಟರಿನ ದಾರಿ ಇದು. ದಾರಿ ಅನ್ನುವುದಕ್ಕಿಂತ ಗ್ರಾನೈಟ್ ಬಂಡೆಗಳ ರಾಶಿ ಅನ್ನಬೇಕು. 1953ರಲ್ಲಿ ಮಾರ್ಕ್ ಸ್ಮಿತ್ ಮತ್ತು ಜಾರ್ಜ್‌ಟೌನಿನ ಜನ ಇಲ್ಲಿ ಜೀಪ್ ಜಾಂಬೊರಿ ಆರಂಭಿಸಿದರು. ಅಂದಿನಿಂದ ಫೋರ್‌ವೀಲ್ ಗಾಡಿಗಳ ತಾಕತ್ತನ್ನು ಅಮೆರಿಕದವರು ಇಲ್ಲೇ ಒರೆಗೆ ಹಚ್ಚುತ್ತ ಬಂದಿದ್ದಾರೆ. ಇಲ್ಲಿ ಒಂದು ಬಂಡೆಯಿಂದ ಇಳಿದ ಚಕ್ರ ಮುಂದಿನ ಬಂಡೆಗೆ ಬಡಿಯದೆ ಮೆಲ್ಲಗೆ ತಾಗಬೇಕು. ಸ್ವಲ್ಪ ಜೋರಾದರೂ ಆಕ್ಸಲ್ ಮುರಿಯುತ್ತದೆ, ಇಲ್ಲವೇ ಅಡಿಭಾಗ ಜಜ್ಜಿಹೋಗುತ್ತದೆ.

ಕೊಲ್ಲೂರಿನಿಂದ ಕೊಡಚಾದ್ರಿಗೆ ಬಾಡಿಗೆ ಜೀಪಿನಲ್ಲಿ ಹತ್ತಿದವರಿಗೆ ಇದರ ಒಂದು ಅಂದಾಜು ಸಿಕ್ಕೀತು. ಕಲ್ಲು, ಕೊರಕಲು ಬಂದ ಕಡೆ ಡ್ರೈವರ್ ಲೋ ಗೇರಿಗೆ ಹಾಕಿ ಎಂಜಿನ್ನಿನ ಕೈಗೆ ಗಾಡಿಯನ್ನು ಒಪ್ಪಿಸಿಬಿಡುತ್ತಾನೆ. ರುಬಿಕಾನ್‌ನಲ್ಲಿ ಆ ಲೋ ಸಾಲುವುದಿಲ್ಲ.

ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿನ ಹಿಂದೆ ಕೂರುವ ಪೆಟ್ಟಿಗೆ. ಅದಕ್ಕೆ ಎರಡು ಕೆಲಸ. ಗೇರ್‌ಬಾಕ್ಸಿನಿಂದ ಬಂದ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳೆರಡಕ್ಕೂ ಹಂಚುವುದು ಒಂದು. ಲೋ ಹಾಕಿದಾಗ ವೇಗ ತಗ್ಗಿಸಿ ಎಳೆತ ಹೆಚ್ಚಿಸುವುದು ಇನ್ನೊಂದು. 1941ರ ವಿಲ್ಲೀಸ್ ಜೀಪಿನ ಲೋ ಅನುಪಾತ 1.97. ಅಂದರೆ ಲೋನಲ್ಲಿ ಪೆಟ್ಟಿಗೆಯ ಒಳಗೆ ಶಾಫ್ಟು ಹತ್ತಿರ ಹತ್ತಿರ ಎರಡು ಸುತ್ತು ಸುತ್ತಿದರೆ ಹೊರಗೆ ಒಂದು ಸುತ್ತು. 1979ರಲ್ಲಿ ಅಮೆರಿಕಕ್ಕೆ ಬಂದ ಟೊಯೋಟಾದ ಫೋರ್‌ವೀಲ್ ಪಿಕಪ್ಪಿನಲ್ಲಿ ಇದು 2.28. ಆ ಕಾಲಕ್ಕೆ ಒಳ್ಳೆಯ ಲೋ ಅದು.

ಲೆಕ್ಕ ಹೀಗಿದೆ. ಎಂಬತ್ತರ ದಶಕದ ನಡುವಿನಿಂದ ಬಂದ ನಾಲ್ಕು ಸಿಲಿಂಡರಿನ ಟ್ರಕ್ಕಿನ ಐದು ಗೇರಿನ ಬಾಕ್ಸಿನಲ್ಲಿ ಮೊದಲ ಗೇರು 3.954. ಅದನ್ನು ಟ್ರಾನ್ಸ್‌ಫರ್ ಕೇಸಿನ 2.28ರಿಂದ, ಆಮೇಲೆ ಕ್ರೌನ್ ಪಿನಿಯನ್ನಿನ 4.10ರಿಂದ ಗುಣಿಸಿದರೆ ಸುಮಾರು 37 ಬರುತ್ತದೆ. ಎಂಜಿನ್ 37 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು. ಐಡ್ಲಿಂಗ್‌ನಲ್ಲಿ ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುತ್ತದೆ ಎಂದಿಟ್ಟುಕೊಂಡರೆ, 31 ಇಂಚಿನ ಟೈರಿನ ಮೇಲೆ ಗಾಡಿಯ ವೇಗ ಗಂಟೆಗೆ 3.2 ಕಿಲೋಮೀಟರ್. ರಸ್ತೆಯಲ್ಲಿ ಅದು ನಿಧಾನ, ಬಂಡೆಯ ಮೇಲೆ ವಿಪರೀತ ಜೋರು. ಹಾಗಾಗಿ ಡ್ರೈವರ್ ಹಾಫ್ ಕ್ಲಚ್ಚಿನಲ್ಲೇ ಗಾಡಿ ಎಳೆಸುತ್ತಾನೆ. ಹೊತ್ತು ಕಳೆದಂತೆ ಕ್ಲಚ್ ಪ್ಲೇಟು ಸುಟ್ಟ ವಾಸನೆ ಕ್ಯಾಬಿನ್ ತುಂಬುತ್ತದೆ.

ಇನ್ನೊಂದು 2.28 ನಡುವೆ ಬಂದರೆ ಆ 37 ಎನ್ನುವುದು 84 ಆಗುತ್ತದೆ. ವೇಗ ಗಂಟೆಗೆ 1.4 ಕಿಲೋಮೀಟರಿಗೆ ಇಳಿಯುತ್ತದೆ. ಕ್ಲಚ್ಚಿನ ಮೇಲಿಂದ ಕಾಲು ತೆಗೆದು ಸುಮ್ಮನೆ ಕುಳಿತರೂ ಗಾಡಿ ತಾನಾಗಿ ಹತ್ತುತ್ತದೆ.

ಟೊಯೋಟಾದ ಈ ಪೆಟ್ಟಿಗೆಗೆ ಒಂದು ವಿಶೇಷ ಗುಣವಿದೆ. ಒಳಗೆ ಚೈನ್ ಇಲ್ಲ, ಪೂರಾ ಗೇರುಗಳೇ. ಜೊತೆಗೆ ಅದು ನಡುವೆ ಎರಡು ಹೋಳಾಗಿ ಬಿಚ್ಚಿಕೊಳ್ಳುತ್ತದೆ. ವೇಗ ತಗ್ಗಿಸುವ ಗೇರುಗಳೆಲ್ಲ ಮುಂದಿನ ಹೋಳಿನಲ್ಲಿ, ಮುಂದಿನ ಚಕ್ರಕ್ಕೆ ಶಕ್ತಿ ಕೊಡುವ ಭಾಗ ಹಿಂದಿನ ಹೋಳಿನಲ್ಲಿ. ಜಪಾನಿನ ಎಂಜಿನಿಯರುಗಳು ತಮ್ಮ ಅನುಕೂಲಕ್ಕೆ ಮಾಡಿಕೊಂಡ ಈ ವಿಂಗಡಣೆಯೇ ಮುಂದೆ ಒಂದು ಕಸುಬಿಗೆ ದಾರಿ ಮಾಡಿತು. ಅದನ್ನು ಕಂಡು ಹಿಡಿದುಕೊಂಡವರಲ್ಲಿ ಎಲ್ಲಕ್ಕಿಂತ ದೊಡ್ಡ ಹೆಸರು ಫ್ರೆಸ್ನೋದ ಮಾರ್ಲಿನ್ ಚೈಕೌಸ್ಕಿ ಅವರದು. ಎರಡು ಟ್ರಾನ್ಸ್‌ಫರ್ ಕೇಸ್ ಹಾಕುವ ಪದ್ಧತಿ ತೊಂಬತ್ತರ ದಶಕದಲ್ಲಿ ಟೊಯೋಟಾ ಟ್ರಕ್ಕಿನವರ ನಡುವೆ ಮನೆಮಾತಾದದ್ದು ಅವರಿಂದ. ಅವರು ಕಟ್ಟಿದ ‘ಮಾರ್ಲಿನ್ ಕ್ರಾಲರ್’ ಕಂಪನಿಯ ಹೆಸರಿನಲ್ಲೇ ತೆವಳುವ ಕೆಲಸ ಇದೆ. ದೊಡ್ಡ ಎಂಜಿನ್ ಹಾಕಿ, ಕುದುರೆಶಕ್ತಿ ಏರಿಸಿ ಬಂಡೆಯ ಮೇಲೆ ಗಾಡಿಯನ್ನು ಹಾರಿಸುವುದು ಅನೇಕರ ಹಾದಿ. ಇದ್ದ ಸಣ್ಣ ಎಂಜಿನ್ನನ್ನೇ ಇಟ್ಟುಕೊಂಡು ಗೇರಿನಿಂದ ಕೆಲಸ ತೆಗೆಯುವುದು ಈ ಹಾದಿ. ಆ ಟ್ರಕ್ಕಿನ 2.4 ಲೀಟರ್ ಎಂಜಿನ್ನಿಗೆ 115ರ ಆಸುಪಾಸಿನ ಕುದುರೆಶಕ್ತಿ ಅಷ್ಟೆ. ಅಷ್ಟರಲ್ಲೇ ಅದು ರುಬಿಕಾನ್ ದಾಟುವುದನ್ನು ನೋಡಿದರೆ ಈ ಹಾದಿಯ ಮೇಲೆ ಗೌರವ ಹುಟ್ಟುತ್ತದೆ.

ಜೋಡಿಸುವ ಕೆಲಸ ಕೇಳುವಾಗ ಸುಲಭ. ಗೇರ್‌ಬಾಕ್ಸಿನ ಹಿಂದೆ ತಂದ ಅರ್ಧ ಪೆಟ್ಟಿಗೆ, ಅದರ ಹಿಂದೆ ಅಲ್ಯುಮಿನಿಯಂ ಅಡಾಪ್ಟರ್ ಪ್ಲೇಟು, ಅದರ ಹಿಂದೆ ಗಾಡಿಯದೇ ಪೂರ್ತಿ ಟ್ರಾನ್ಸ್‌ಫರ್ ಕೇಸ್. ಗುಜರಿಯಿಂದ ತರುವಾಗ ಶಾಫ್ಟಿನ ಹಲ್ಲುಗಳನ್ನು ಎಣಿಸಿಕೊಳ್ಳಬೇಕು. ನಾಲ್ಕು ಸಿಲಿಂಡರಿನ ಗಾಡಿಯದಾದರೆ 21, ವಿ6 ಅಥವಾ ಟರ್ಬೊ ಆದರೆ 23. ಹಳೆಯ ಕೇಸು ಅರ್ಧ ಅಡಿಯಷ್ಟು ಹಿಂದಕ್ಕೆ ಸರಿಯುವುದರಿಂದ ಮುಂದಿನ ಪ್ರೊಪೆಲ್ಲರ್ ಶಾಫ್ಟು ಉದ್ದವಾಗಬೇಕು, ಹಿಂದಿನದನ್ನು ಕೊಯ್ದು ಗಿಡ್ಡ ಮಾಡಬೇಕು. ಭಾರ ಹೊರಲು ಕ್ರಾಸ್ ಮೆಂಬರ್ ಬದಲಿಸಬೇಕು. ಲಿವರ್ ಹೊರಬರಲು ಕ್ಯಾಬಿನ್ನಿನ ತಗಡು ಕತ್ತರಿಸಬೇಕು.

ಹೀಗೆ ಜೋಡಿಸಿದ ಮೇಲೆ ಡ್ರೈವರಿಗೆ ಸಿಗುವ ಆಯ್ಕೆಗಳು ಕೈತುಂಬ. ಎರಡೂ ಪೆಟ್ಟಿಗೆ ಹೈನಲ್ಲಿದ್ದರೆ ಗಾಡಿ ಹೆದ್ದಾರಿಯಲ್ಲಿ ಮೊದಲಿನಂತೆಯೇ ಓಡುತ್ತದೆ. ಮುಂದಿನ ಪೆಟ್ಟಿಗೆ ಮಾತ್ರ ಲೋ ಮಾಡಿ, ಹಿಂದಿನದನ್ನು ಟೂವೀಲ್‌ನಲ್ಲೇ ಬಿಟ್ಟರೆ ಹಿಂದಿನ ಚಕ್ರಗಳಷ್ಟಕ್ಕೇ ಲೋ. ಟ್ರೇಲರ್ ರಿವರ್ಸ್ ತೆಗೆಯುವಾಗ, ಇಕ್ಕಟ್ಟಿನಲ್ಲಿ ಗಾಡಿ ತಿರುಗಿಸುವಾಗ ಇದರ ಬೆಲೆ ಗೊತ್ತಾಗುತ್ತದೆ. ಒಂದು ಪೆಟ್ಟಿಗೆಗೆ 4.70ರ ಗೇರು ಸೆಟ್ ಹಾಕಿಸಿಕೊಂಡವರಿಗೆ ಐದು ಗೇರು, ನಾಲ್ಕು ಶ್ರೇಣಿ ಸೇರಿ ಮುಂದಕ್ಕೇ ಇಪ್ಪತ್ತು ಬಗೆಯ ವೇಗ. ಎಲ್ಲಕ್ಕಿಂತ ಕೆಳಗಿನದರಲ್ಲಿ ಎಂಜಿನ್ 170ಕ್ಕೂ ಹೆಚ್ಚು ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು ತಿರುಗುತ್ತದೆ.

ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಜೊತೆಗೂ ಎರಡು ಪೆಟ್ಟಿಗೆ ಹಾಕಬಹುದು, ಹಾಕಿದವರೂ ಇದ್ದಾರೆ. ಆದರೆ ಈ ಜೋಡಣೆಯ ನಿಜವಾದ ಸೊಗಸು ಮ್ಯಾನ್ಯುಯಲ್‌ನಲ್ಲಿದೆ. ಕಡಿದಾದ ಇಳಿಜಾರಿನಲ್ಲಿ ಬ್ರೇಕ್ ಮುಟ್ಟುವ ಅಗತ್ಯವೇ ಬೀಳುವುದಿಲ್ಲ. ಎಂಜಿನ್ನೇ ಗಾಡಿಯನ್ನು ಹಿಡಿದುಕೊಂಡು ಇಳಿಸುತ್ತದೆ. ಆಟೊಮ್ಯಾಟಿಕ್‌ನಲ್ಲಿ ಎಂಜಿನ್ನಿಗೂ ಚಕ್ರಕ್ಕೂ ನಡುವೆ ಟಾರ್ಕ್ ಕನ್ವರ್ಟರಿನ ಎಣ್ಣೆ ಇರುತ್ತದೆ. ಹಿಡಿತ ಅಷ್ಟು ಬಿಗಿಯಾಗಿರುವುದಿಲ್ಲ.

ಹತ್ತುವಾಗಿನ ಮಾತೇ ಬೇರೆ. ರುಬಿಕಾನ್‌ನ ಕ್ಯಾಡಿಲಾಕ್ ಹಿಲ್ ಎಂಬ ಏರಿನ ನಡುವೆ ಎಂಜಿನ್ ಆಫ್ ಆಯಿತು ಎನ್ನೋಣ. ಮಾಮೂಲಿ ಗಾಡಿಯಲ್ಲಿ ಡ್ರೈವರಿಗೆ ಕ್ಲಚ್, ಬ್ರೇಕ್, ಆಕ್ಸಿಲರೇಟರ್ ಮೂರನ್ನೂ ಎರಡೇ ಕಾಲಲ್ಲಿ ಸಂಭಾಳಿಸಬೇಕು. ಬ್ರೇಕಿನಿಂದ ಕಾಲು ತೆಗೆದ ಗಳಿಗೆಯಲ್ಲಿ ಗಾಡಿ ಹಿಂದಕ್ಕೆ ಜಾರುತ್ತದೆ. ಆ ಕಾಲದ ಟೊಯೋಟಾ ಫೋರ್‌ವೀಲ್ ಟ್ರಕ್ಕುಗಳ ಡ್ಯಾಶ್‌ಬೋರ್ಡಿನಲ್ಲಿ ಕ್ಲಚ್ ತುಳಿಯದೆಯೇ ಸ್ಟಾರ್ಟ್ ಮಾಡಲು ಒಂದು ಪುಟ್ಟ ಬಟನ್ ಇದೆ. ಅದನ್ನು ಒತ್ತಿ, ಗೇರಿನಲ್ಲೇ ಬಿಟ್ಟು, ಕೀ ತಿರುಗಿಸಿದರೆ ಸ್ಟಾರ್ಟರ್ ಮೋಟರೇ ಚಕ್ರವನ್ನೂ ತಿರುಗಿಸುತ್ತದೆ. ಎರಡು ಲೋ ಇರುವುದರಿಂದ ಮೋಟರಿಗೆ ಭಾರ ಗೊತ್ತೇ ಆಗುವುದಿಲ್ಲ. ಗಾಡಿ ಕಲ್ಲಿನ ಮೇಲೆ ಮೆಲ್ಲಗೆ ಮುಂದಕ್ಕೆ ಮಿಸುಕುತ್ತದೆ, ಆ ಮಿಸುಕಿನಲ್ಲೇ ಎಂಜಿನ್ ಹತ್ತಿಕೊಳ್ಳುತ್ತದೆ, ಏರು ಮುಂದುವರಿಯುತ್ತದೆ. ಹಿಂದಕ್ಕೆ ಒಂದಿಂಚೂ ಜಾರಿರುವುದಿಲ್ಲ. ಈ ಒಂದು ಕ್ಷಣಕ್ಕಾಗಿಯೇ ಇಷ್ಟೆಲ್ಲ ಕಬ್ಬಿಣದ ಕೆಲಸ ಮಾಡಿದ್ದು ಸಾರ್ಥಕ ಎನಿಸುತ್ತದೆ.

ತೊಂದರೆಗಳಿಲ್ಲವೆಂದಲ್ಲ. ಎಂಜಿನ್ನಿನ ಎಳೆತ 84 ಪಟ್ಟಾದಾಗ ಅದನ್ನು ತಡೆದುಕೊಳ್ಳುವ ಭಾಗಗಳೂ ಗಟ್ಟಿ ಇರಬೇಕು. ಚಕ್ರ ಎರಡು ಬಂಡೆಗಳ ನಡುವೆ ಸಿಕ್ಕಿ, ಸ್ಟೀರಿಂಗ್ ಪೂರಾ ತಿರುಗಿರುವಾಗ ಆಕ್ಸಿಲರೇಟರ್ ಒತ್ತಿದರೆ ಮುಂದಿನ ಆಕ್ಸಲ್ಲಿನ ಬರ್ಫೀಲ್ಡ್ ಜಾಯಿಂಟ್ ಸಿಡಿಯುತ್ತದೆ. ಅನುಭವಸ್ಥರು ಅದರ ಸ್ಪೇರ್ ಇಟ್ಟುಕೊಂಡೇ ಹೊರಡುತ್ತಾರೆ. ಅಷ್ಟು ಕೆಳಗಿನ ಗೇರಿನಲ್ಲಿ ಎಂಜಿನ್ನಿನ ತಳ್ಳು ಬ್ರೇಕನ್ನೂ ಮೀರಿಸಬಲ್ಲದು. ನಿಲ್ಲಿಸಬೇಕೆಂದರೆ ಕ್ಲಚ್ ತುಳಿಯಲೇಬೇಕು.

ಕಂಪನಿಗಳು ಈ ಮಟ್ಟಕ್ಕೆ ಬರಲು ಬಹಳ ಕಾಲ ಹಿಡಿಯಿತು. 2003ರಲ್ಲಿ ಜೀಪ್ ಕಂಪನಿ ಆ ದಾರಿಯ ಹೆಸರನ್ನೇ ಇಟ್ಟು ರ‍್ಯಾಂಗ್ಲರ್ ರುಬಿಕಾನ್ ತಂದಿತು. ಅದರ ಟ್ರಾನ್ಸ್‌ಫರ್ ಕೇಸಿನ ಲೋ 4.0. 2018ರ ಮಾದರಿಯ ಮ್ಯಾನ್ಯುಯಲ್ ಗಾಡಿಯಲ್ಲಿ ಒಟ್ಟು ಅನುಪಾತ 84.2 ಆಯಿತು. ಗುಜರಿಯ ಅರ್ಧ ಪೆಟ್ಟಿಗೆಯಿಂದ ಟೊಯೋಟಾದವರು ತೊಂಬತ್ತರ ದಶಕದಲ್ಲೇ ಮುಟ್ಟಿದ್ದ ಅಂಕಿ ಹೆಚ್ಚುಕಡಿಮೆ ಅದೇ. ಟೊಯೋಟಾ ಆ ಹೊತ್ತಿಗಾಗಲೇ ಬೇರೆ ದಾರಿ ಹಿಡಿದಿತ್ತು. ಅದರ ಕ್ರಾಲ್ ಕಂಟ್ರೋಲ್‌ನಲ್ಲಿ ಬ್ರೇಕು, ಆಕ್ಸಿಲರೇಟರ್ ಎರಡನ್ನೂ ಕಂಪ್ಯೂಟರ್ ನೋಡಿಕೊಳ್ಳುತ್ತದೆ, ಡ್ರೈವರ್ ಸ್ಟೀರಿಂಗ್ ಹಿಡಿದು ಕುಳಿತರೆ ಸಾಕು. ಕೆಲಸವೇನೋ ಆಗುತ್ತದೆ. ಬಂಡೆಯ ಉಬ್ಬುತಗ್ಗನ್ನು ಪೆಡಲ್ಲಿನ ಮೂಲಕ ಅಂಗಾಲಿನಲ್ಲಿ ಓದುವ ವಿದ್ಯೆ ಮಾತ್ರ ಅದರಲ್ಲಿ ಬೇಕಾಗುವುದಿಲ್ಲ.

ಹಳೆಯ ಪಿಕಪ್ 1995ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಹೋಗಿ ಟಕೋಮಾ ಬಂತು. ಹಾಗಾಗಿ ಆ ಟ್ರಕ್ಕಿನ ಪೆಟ್ಟಿಗೆಗಳಲ್ಲಿ ಎಲ್ಲಕ್ಕಿಂತ ಹೊಸದಕ್ಕೂ ಈಗ ಮೂವತ್ತು ವರ್ಷ. ಒಂದು ಟ್ರಕ್ಕಿಗೆ ಎರಡನೆಯ ಪೆಟ್ಟಿಗೆ ಬಂತೆಂದರೆ ಇನ್ನೊಂದು ಟ್ರಕ್ಕು ಗುಜರಿ ಸೇರಿದೆ ಎಂದೇ ಅರ್ಥ. ತುಕ್ಕು ಹಿಡಿದ ಬಾಡಿ, ಬಿರುಕುಬಿಟ್ಟ ಚಾಸಿಯ ಟ್ರಕ್ಕಿಗೆ ಯಾರೂ ಬೆಲೆ ಕಟ್ಟುವುದಿಲ್ಲ. ಅದರ ಹೊಟ್ಟೆಯ ಕೆಳಗಿನ ಗೇರುಗಳು ಇನ್ನೂ ದಶಕಗಟ್ಟಲೆ ದುಡಿಯುವಷ್ಟು ಗಟ್ಟಿಯಾಗಿರಬಹುದು. ಗುಜರಿಯವರು ಅಂಥ ಟ್ರಕ್ಕನ್ನು ಜಜ್ಜಲು ಕಳಿಸುವ ಮುನ್ನ ಕೆಳಗೆ ನುಸುಳಿ ಆ ಪೆಟ್ಟಿಗೆಯ ಬೋಲ್ಟು ಬಿಚ್ಚುವಷ್ಟು ಹೊತ್ತು ಮಾಡಿಕೊಳ್ಳಲಿ.