ಆಸ್ಪತ್ರೆಯ ಕಾಗದಕ್ಕೆ ದಸ್ಕತು ಹಾಕುವ ಮುಂಚೆ



ಆಟಿ ತಿಂಗಳ ಮಳೆ ಒಂದೆರಡು ದಿನ ಬಿಟ್ಟು, ಬಿಸಿಲು ಸ್ವಲ್ಪ ಮುಖ ತೋರಿಸಿತೆಂದರೆ ಪುತ್ತೂರು, ಸುಳ್ಯ, ಕಡಬದ ತೋಟಗಳಲ್ಲಿ ಯಾರೂ ಸುಮ್ಮನೆ ಕೂರುವುದಿಲ್ಲ. ಮೈಲುತುತ್ತು, ಸುಣ್ಣ ಕಲಸಿಯಾಯಿತು; ಕೊಳೆರೋಗಕ್ಕೆ ಮದ್ದು ಬಿಡುವ ಗಡಿಬಿಡಿ. ಮರ ಪಾಚಿ ಕಟ್ಟಿ ಜಾರುತ್ತಿರುತ್ತದೆ. ಹತ್ತುವವರು ಸಿಗುವುದೇ ಕಷ್ಟ, ಸಿಕ್ಕಿದವನಿಗೂ ಇನ್ನೊಂದು ತೋಟಕ್ಕೆ ಹೋಗುವ ಅವಸರ. ಇದನ್ನೆಲ್ಲ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಇವತ್ತು ಮದ್ದಿನ ಪ್ರಮಾಣದ ಮಾತಲ್ಲ. ಮರ ಹತ್ತಿದವನು ಕೈ ಜಾರಿ ಕೆಳಗೆ ಬಿದ್ದ ಎಂದಿಟ್ಟುಕೊಳ್ಳಿ. ಮತ್ತೆ ಎಂತ ಮಾಡುವುದು?

ಸಾಮಾನ್ಯವಾಗಿ ನಡೆಯುವುದು ಹೀಗೆ. ಬಿದ್ದವನನ್ನು ನಾಲ್ಕು ಜನ ಕೈಕಾಲು ಹಿಡಿದೆತ್ತಿ ಜೀಪಿನ ಹಿಂದಿನ ಸೀಟಿನಲ್ಲಿ ಮಡಚಿ ಮಲಗಿಸುತ್ತಾರೆ. ಇದೇ ಮೊದಲನೆಯ ತಪ್ಪು. ಬೆನ್ನುಮೂಳೆಗೆ ಪೆಟ್ಟಾಗಿದ್ದರೆ, ಬಿದ್ದಾಗ ಆಗದ ಹಾನಿ ಎತ್ತುವಾಗ ಆದೀತು. 108ಕ್ಕೆ ಫೋನ್ ಮಾಡಿ. ಗಾಡಿ ಬರುವ ತನಕ ಕುತ್ತಿಗೆ, ಬೆನ್ನು ಮಿಸುಕಾಡದಂತೆ ನೋಡಿಕೊಳ್ಳಿ. ಗಾಡಿ ಬಾರದ ತೋಟದ ಮೂಲೆಯಾದರೆ ಅಗಲವಾದ ಹಲಗೆಯ ಮೇಲೆ ನೆಟ್ಟಗೆ ಮಲಗಿಸಿ, ತಲೆಯನ್ನು ಒಬ್ಬರು ಹಿಡಿದುಕೊಂಡೇ ರಸ್ತೆಗೆ ತನ್ನಿ.

ಆಮೇಲೆ ದಾರಿಯಲ್ಲಿ ಶುರುವಾಗುತ್ತದೆ ಚರ್ಚೆ. ಯಾವ ಆಸ್ಪತ್ರೆ? ಎಷ್ಟು ಖರ್ಚು? ಕಾರ್ಡು ಉಂಟಾ? ಆಳಿನ ಕಾರ್ಡು ನಡೆಯುತ್ತದೋ, ಧನಿಗಳೇ ಕೊಡಬೇಕೋ? ಸುಳ್ಯದಿಂದ ಮಂಗಳೂರಿಗೆ 80ಕ್ಕೂ ಹೆಚ್ಚು ಕಿಲೋಮೀಟರು. ಅಷ್ಟು ದೂರದ ದಾರಿಯಲ್ಲಿ ಈ ಪ್ರಶ್ನೆಗಳಿಗೆ ಉತ್ತರ ಹುಡುಕುವುದು ಕೊಟ್ಟಿಗೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದ ಹಾಗೆ. ಆದುದರಿಂದ ಈಗಲೇ, ಎಲ್ಲರೂ ಸುಖವಾಗಿರುವಾಗಲೇ ತಿಳಿದುಕೊಳ್ಳೋಣ.

ನಮ್ಮ ರಾಜ್ಯದಲ್ಲಿ ಈಗಿರುವ ದೊಡ್ಡ ಯೋಜನೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ. ಹಿಂದೆ ಬೇರೆ ಬೇರೆ ಹೆಸರಿನಲ್ಲಿದ್ದ ಹಲವು ಯೋಜನೆಗಳನ್ನು ಸೇರಿಸಿ 2018ರಲ್ಲಿ ಇದನ್ನು ಕಟ್ಟಿದರು; ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಬಿ.ಪಿ.ಎಲ್. ರೇಷನ್ ಕಾರ್ಡಿನವರಿಗೆ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆ ಇದೆ. ಒಬ್ಬೊಬ್ಬರಿಗೆ 5 ಲಕ್ಷ ಅಲ್ಲ, ಮನೆಗೆಲ್ಲ ಸೇರಿ. ಹಣ ನಮ್ಮ ಕೈಗೆ ಬರುವುದೂ ಇಲ್ಲ. ಯೋಜನೆಗೆ ಸೇರಿದ ಆಸ್ಪತ್ರೆಗೇ ಹೋಗುತ್ತದೆ. ಮರ ಹತ್ತುವ ಆಳಿಗೆ ಅವನ ಮನೆಯ ಕಾರ್ಡೇ ಆಧಾರ. ಅವನು ಯಾರ ತೋಟದಲ್ಲಿ ಬಿದ್ದ ಎಂದು ಯೋಜನೆ ಕೇಳುವುದಿಲ್ಲ. ಹಾಗೆಂದು ಧನಿಗಳು ಕೈತೊಳೆದುಕೊಳ್ಳಬಹುದು ಎಂದು ನಾನು ಹೇಳಿದ್ದಲ್ಲ.

ಎ.ಪಿ.ಎಲ್. ಕಾರ್ಡಿನವರ ಲೆಕ್ಕ ಬೇರೆ. ನಮ್ಮ ಕಡೆ ನಾಲ್ಕು ಅಡಿಕೆ ಮರ ಇದ್ದವರು ಹೆಚ್ಚಾಗಿ ಈ ಸಾಲಿನವರೇ. ಇವರಿಗೆ ಸರಕಾರ ಕೊಡುವುದು ಪ್ಯಾಕೇಜು ದರದ ನೂರಕ್ಕೆ 30, ಅದೂ ವರ್ಷಕ್ಕೆ ಒಂದೂವರೆ ಲಕ್ಷದವರೆಗೆ ಮಾತ್ರ. ಒಂದು ಆಪರೇಷನ್ನಿಗೆ ಯೋಜನೆಯ ದರ 60 ಸಾವಿರ ಎಂದಾದರೆ ಸರಕಾರದ್ದು 18 ಸಾವಿರ, ನಮ್ಮದು 42 ಸಾವಿರ. "ಕಾರ್ಡು ಉಂಟಲ್ಲ, ಎಲ್ಲ ಫ್ರೀ" ಎಂದು ಧೈರ್ಯದಲ್ಲಿ ಹೋಗಿ, ಕೊನೆಯ ದಿನ ಬಿಲ್ಲು ನೋಡಿ ಕಣ್ಣು ಕತ್ತಲೆ ಬಂದವರು ಇದ್ದಾರೆ. ಅವರಿಗೆ ಮೋಸ ಆದದ್ದಲ್ಲ, ಮೊದಲು ಯಾರೂ ಹೇಳಿಕೊಡಲಿಲ್ಲ ಅಷ್ಟೆ.

ಇನ್ನು ದಾರಿಯ ವಿಚಾರ. ಇಲ್ಲಿಯೇ ಹೆಚ್ಚಿನವರು ಎಡವುವುದು. ತುರ್ತು ಅಲ್ಲದ ಕಾಯಿಲೆಯಾದರೆ ಮೊದಲು ಸರಕಾರಿ ಆಸ್ಪತ್ರೆಗೆ ಹೋಗಬೇಕು. ಪುತ್ತೂರಿನಲ್ಲಿ, ಸುಳ್ಯದಲ್ಲಿ ತಾಲೂಕು ಆಸ್ಪತ್ರೆ ಇದೆ, ಕಡಬದಲ್ಲಿ ಸಮುದಾಯ ಆರೋಗ್ಯ ಕೇಂದ್ರ, ಮಂಗಳೂರಿನಲ್ಲಿ ವೆನ್‌ಲಾಕ್. ಅಲ್ಲಿ ಆಗುವ ಚಿಕಿತ್ಸೆ ಅಲ್ಲಿಯೇ ಆಗಬೇಕು. ಆಗದಿದ್ದರೆ ಅವರೇ ರೆಫರಲ್ ಪತ್ರ ಬರೆದು ಕೊಡುತ್ತಾರೆ. ಆ ಪತ್ರ ಹಿಡಿದು ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆಗೆ ಹೋದರೆ ಸೌಲಭ್ಯ ಸಿಗುತ್ತದೆ. ನಾವು ಮಾಡುವುದು ತಿರುಗಾಮುರುಗಾ. ನೆಂಟರು ಹೇಳಿದ ಖಾಸಗಿ ಆಸ್ಪತ್ರೆಗೆ ಹೋಗಿ ಮಲಗಿಯಾದ ಮೇಲೆ, ಮಗನನ್ನು ಪತ್ರಕ್ಕಾಗಿ ಓಡಿಸುತ್ತೇವೆ. ರೋಗಿಯನ್ನು ನೋಡದೆ ಡಾಕ್ಟರರು ಬರೆಯುವುದು ಹೇಗೆ?

ಆದರೆ ಪ್ರಾಣಾಪಾಯದ ತುರ್ತಿಗೆ ಈ ಪತ್ರ ಬೇಡ. 2018ರಲ್ಲಿ ಯೋಜನೆ ಆರಂಭವಾದಾಗ ಪಟ್ಟಿಯಲ್ಲಿದ್ದ 1,650 ಚಿಕಿತ್ಸೆಗಳಲ್ಲಿ ಸುಮಾರು 170ನ್ನು ಹೀಗೆ ತುರ್ತಿನವೆಂದೇ ಗುರುತಿಸಿದ್ದರು. ಮರದಿಂದ ಬಿದ್ದು ತಲೆಗೆ ಪೆಟ್ಟಾದವನನ್ನು ಪತ್ರಕ್ಕಾಗಿ ಕಾಯಿಸಬೇಕಾದ್ದಿಲ್ಲ. ಹಾವು ಕಚ್ಚಿದವರೂ ಕಾಯಬಾರದು. ಹುಲ್ಲು ಹೆರೆಯುವಾಗ, ಅಡಿಕೆ ಹೆಕ್ಕುವಾಗ ನಮ್ಮಲ್ಲಿ ಇದು ಅಪರೂಪವಲ್ಲ. ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಬಾಯಲ್ಲಿ ಹೀರುವುದು ಯಾವುದೂ ಬೇಡ. ಕೈಯೋ ಕಾಲೋ ಆಡಿಸದೆ, ವಿಷದ ಚುಚ್ಚುಮದ್ದು ಇರುವ ಆಸ್ಪತ್ರೆಗೆ ನೇರ ಹೋಗಬೇಕು. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರವು ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ನಾಟಿ ವೈದ್ಯರ ಮನೆಯ ಜಗಲಿಯಲ್ಲಿ ಕಳೆದ ಒಂದು ಗಂಟೆ ಮತ್ತೆ ಸಿಕ್ಕುವುದಿಲ್ಲ.

ಸಹಕಾರಿ ಸಂಘದ ಸದಸ್ಯರಾದ ರೈತರಿಗೆ ಯಶಸ್ವಿನಿ ಇದೆ. 2003ರಲ್ಲಿ ಶುರುವಾದಾಗ ತಿಂಗಳಿಗೆ 5 ರೂಪಾಯಿಯ ಲೆಕ್ಕದಲ್ಲಿ ವರ್ಷಕ್ಕೆ ತಲೆಗೆ 60 ರೂಪಾಯಿ. 2018ರಲ್ಲಿ ನಿಂತುಹೋಗಿ, 2022ರ ಕೊನೆಗೆ ಮತ್ತೆ ನೋಂದಣಿ ತೆರೆದು, 2023ರ ಜನವರಿ 1ರಿಂದ ಚಿಕಿತ್ಸೆ ಕೊಡತೊಡಗಿದರು. ಆ ಸಲ ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿ ವಂತಿಗೆ, 5 ಲಕ್ಷದವರೆಗೆ ಸೌಲಭ್ಯ. ಎ.ಪಿ.ಎಲ್. ಕಾರ್ಡಿನ ಕೃಷಿಕರಿಗೆ ಇದು ದೊಡ್ಡ ಆಸರೆ. ಆದರೆ ಇದು ವರ್ಷ ವರ್ಷ ನವೀಕರಿಸಬೇಕಾದದ್ದು, ಅದಕ್ಕೊಂದು ಗಡುವು ಇರುತ್ತದೆ. ಸೊಸೈಟಿಗೆ ಗೊಬ್ಬರಕ್ಕೆ ಹೋದಾಗ, ಹಾಲು ಹಾಕಲು ಹೋದಾಗ "ಯಶಸ್ವಿನಿಯ ಕಟ್ಟುವ ತಾರೀಕು ಯಾವಾಗ?" ಎಂದು ಒಂದು ಮಾತು ಕೇಳಿ ಬನ್ನಿ. ಯಶಸ್ವಿನಿಯ ಆಸ್ಪತ್ರೆಗಳ ಪಟ್ಟಿ ಬೇರೆ, ಆಯುಷ್ಮಾನದ ಪಟ್ಟಿ ಬೇರೆ ಎಂಬುದೂ ನೆನಪಿರಲಿ.

ಇಲ್ಲಿಯ ತನಕ ಹೇಳಿದ್ದು ದುಡ್ಡಿನ ಮಾತು. ಇನ್ನು ಹೇಳುವುದು ಅದಕ್ಕಿಂತ ಕಷ್ಟದ ಮಾತು. ಹೆಂಗಸರು ಸ್ವಲ್ಪ ಹತ್ತಿರ ಬಂದು ಕೇಳಬೇಕು, ಗಂಡಸರು ಎದ್ದುಹೋಗಬಾರದು.

ಚಿಕಿತ್ಸೆ ಖರ್ಚಿಲ್ಲದೆ ಆಗುತ್ತದೆ ಎಂದ ಮಾತ್ರಕ್ಕೆ ಆ ಚಿಕಿತ್ಸೆ ನಮಗೆ ಬೇಕು ಎಂದಾಗುವುದಿಲ್ಲ. ನಮ್ಮದೇ ರಾಜ್ಯದ ಕಲಬುರಗಿ ಜಿಲ್ಲೆಯಲ್ಲಿ, ಹೊಟ್ಟೆನೋವು, ಬಿಳಿಸೆರಗು ಎಂದು ಡಾಕ್ಟರರಲ್ಲಿಗೆ ಹೋದ ಬಡ ಹೆಂಗಸರ ಗರ್ಭಕೋಶವನ್ನೇ ತೆಗೆದ ಸಂಗತಿ 2015ರಲ್ಲಿ ದೊಡ್ಡ ಸುದ್ದಿಯಾಯಿತು, ತನಿಖೆಯೂ ನಡೆಯಿತು. ಅವರಲ್ಲಿ ಬಹಳ ಮಂದಿ ಲಂಬಾಣಿ ತಾಂಡಾಗಳವರು, ದಲಿತರು. ಗರ್ಭಕೋಶ ತೆಗೆಯಬೇಕಾದ ಕಾಯಿಲೆಗಳು ಇಲ್ಲವೆಂದಲ್ಲ. ಇವೆ, ಆಗ ತೆಗೆದೇ ಪ್ರಾಣ ಉಳಿಸಬೇಕು. ಆದರೆ ತಿಂಗಳ ಸ್ರಾವ ಹೆಚ್ಚಾಯಿತು ಎಂಬುದಕ್ಕೆ ಗುಳಿಗೆಯಲ್ಲಿ ಗುಣವಾಗುವ ಕಾರಣಗಳೂ ಇವೆ, ಹಾರ್ಮೋನಿನ ವಂಕಿ ಹಾಕಿ ತಡೆಯುವ ದಾರಿಯೂ ಇದೆ. ಸ್ಕ್ಯಾನ್ ಮಾಡಿಸಿ, ಬೇಕಾದರೆ ಒಳಪದರದ ತುಣುಕು ಪರೀಕ್ಷೆ ಮಾಡಿಸಿ ನಿರ್ಧರಿಸಬೇಕಾದ ಸಂಗತಿ ಅದು. ಮುಟ್ಟು ನಿಲ್ಲುವ ವಯಸ್ಸಿಗೆ ಮೊದಲೇ ಅಂಡಾಶಯವನ್ನೂ ತೆಗೆದುಬಿಟ್ಟರೆ ಎಲುಬು ಬೇಗ ಸವೆಯುತ್ತದೆ, ಹೃದಯಕ್ಕೂ ಒಳ್ಳೆಯದಲ್ಲ. ಸೊಪ್ಪಿನ ಹೊರೆ ಹೊತ್ತು, ಕೊಟ್ಟಿಗೆ ಗುಡಿಸಿ ಬದುಕುವ ಹೆಣ್ಣಿಗೆ ಎಲುಬು ಸವೆಯುವುದೆಂದರೆ ಸಣ್ಣ ಮಾತಲ್ಲ.

ದೆಹಲಿಯ 44 ವರ್ಷದ ಮದುವೆಯಾಗದ ಒಬ್ಬ ಮಹಿಳೆ 1995ರಲ್ಲಿ ಸ್ರಾವ ನಿಲ್ಲುವುದಿಲ್ಲವೆಂದು ಡಾಕ್ಟರರಲ್ಲಿಗೆ ಹೋದರು. ಕೊಳವೆ ಇಳಿಸಿ ಹೊಟ್ಟೆ ನೋಡುವ ಪರೀಕ್ಷೆಗೆಂದು ಅರಿವಳಿಕೆ ಕೊಟ್ಟರು. ಆಕೆಗೆ ಎಚ್ಚರವಿಲ್ಲದ ಹೊತ್ತಿನಲ್ಲಿ, ಹೊರಗೆ ಕುಳಿತಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯ ಎಲ್ಲವನ್ನೂ ತೆಗೆದರು. ಆಕೆ ನ್ಯಾಯಾಲಯಕ್ಕೆ ಹೋದರು. ಸುಪ್ರೀಂ ಕೋರ್ಟು 2008ರ ಜನವರಿ 16ರಂದು ತೀರ್ಪು ಕೊಟ್ಟಿತು: ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಆಪರೇಷನ್ನಿಗೆ ಒಪ್ಪಿಗೆ ಅಲ್ಲ, ತಡಮಾಡಿದರೆ ಪ್ರಾಣಕ್ಕೇ ಅಪಾಯ ಎಂಬಂತಹ ಸಂದರ್ಭ ಇಲ್ಲದಿರುವಾಗ, ಎಚ್ಚರವಾದ ಮೇಲೆ ಆಕೆಯನ್ನೇ ಕೇಳಬೇಕಿತ್ತು, ಪ್ರಾಯಕ್ಕೆ ಬಂದ, ಬುದ್ಧಿ ಸರಿಯಿರುವ ರೋಗಿಯ ಬದಲಿಗೆ ತಾಯಿಯ ಒಪ್ಪಿಗೆ ಸಾಲದು. ರೋಗ ಏನು, ಚಿಕಿತ್ಸೆ ಏನು, ಅಪಾಯ ಏನು, ಬೇರೆ ದಾರಿ ಉಂಟೋ, ಮಾಡಿಸದಿದ್ದರೆ ಏನಾದೀತು, ಇಷ್ಟನ್ನು ತಿಳಿಸಿದ ಮೇಲೆ ಕೊಟ್ಟ ಒಪ್ಪಿಗೆಯೇ ಒಪ್ಪಿಗೆ ಎಂದೂ ಹೇಳಿತು.

ನಮ್ಮ ಮನೆಗಳಲ್ಲಿ ಹೇಗೆ ನಡೆಯುತ್ತದೆ, ನೋಡಿ. ಡಾಕ್ಟರರ ಕೋಣೆಯಲ್ಲಿ ಮಾತಾಡುವುದು ಗಂಡ, ತಲೆಯಾಡಿಸುವುದು ಅತ್ತೆ, ದಸ್ಕತು ಹಾಕುವುದು ಭಾವ. ಯಾರ ಹೊಟ್ಟೆಯನ್ನು ಕೊಯ್ಯುತ್ತಾರೋ ಅವಳು ಹೊರಗೆ ಬೆಂಚಿನ ಮೇಲೆ ಕೂತಿರುತ್ತಾಳೆ! ಕಾಗದ ಇಂಗ್ಲಿಷಿನಲ್ಲಿ. ಡಾಕ್ಟರರು ಕನ್ನಡದಲ್ಲಿ ಹೇಳಿದರೂ ಮನೆಮಾತು ತುಳುವೋ, ಅರೆಭಾಷೆಯೋ, ಮಲಯಾಳವೋ ಆದವರಿಗೆ ಅರ್ಧ ತಲೆಗೆ ಹೋಗುವುದಿಲ್ಲ. "ದೊಡ್ಡ ಡಾಕ್ಟರರಲ್ಲಿ ಕೇಳುವುದು ಹೇಗೆ?" ಎಂಬ ಸಂಕೋಚ ಬೇರೆ. ಸಂತೆಯಲ್ಲಿ ಕರು ಕೊಳ್ಳುವಾಗ ಹಲ್ಲು ನೋಡುತ್ತೇವೆ, ಬಾಲ ನೋಡುತ್ತೇವೆ, ಹತ್ತು ಪ್ರಶ್ನೆ ಕೇಳುತ್ತೇವೆ. ನಮ್ಮ ಮೈಯ ವಿಷಯದಲ್ಲಿ ಮಾತ್ರ ಬಾಯಿ ಕಟ್ಟಿಹೋಗುತ್ತದೆ.

ಕೇಳಿ. ಮರ್ಯಾದೆಯಲ್ಲಿಯೇ ಕೇಳಿ. "ಡಾಕ್ಟ್ರೇ, ಇದು ಇವತ್ತೇ ಆಗಬೇಕಾ, ಒಂದು ವಾರ ಬಿಟ್ಟರೆ ಅಪಾಯ ಉಂಟಾ? ಗುಳಿಗೆಯಲ್ಲಿ ನೋಡ್ಲಿಕ್ಕೆ ಆಗುದಿಲ್ವಾ? ಇದು ಕಾರ್ಡಿನಲ್ಲಿ ಬರ್ತದಾ, ಹೊರಗಿನಿಂದ ಎಂತಾದರೂ ತರ್ಲಿಕ್ಕುಂಟಾ?" ಒಳ್ಳೆಯ ಡಾಕ್ಟರರು ಇದಕ್ಕೆ ಸಿಟ್ಟಾಗುವುದಿಲ್ಲ. ಹಣದ ವಿಷಯಕ್ಕೆ ಯೋಜನೆಯ ಆಸ್ಪತ್ರೆಗಳಲ್ಲಿ ಆರೋಗ್ಯಮಿತ್ರ ಎಂಬವರು ಇರುತ್ತಾರೆ. ಕಾರ್ಡು, ಪತ್ರಗಳನ್ನು ಅವರಿಗೆ ಮೊದಲ ದಿನವೇ ತೋರಿಸಬೇಕು, ಬಿಡುಗಡೆಯ ದಿನ ಅಲ್ಲ. ಯೋಜನೆಯ ಬಗ್ಗೆ ಕೇಳಲು, ದೂರು ಹೇಳಲು 14555ಕ್ಕೆ ಫೋನ್ ಮಾಡಬಹುದು. ಬಿ.ಪಿ.ಎಲ್. ರೋಗಿಯಿಂದ ಪ್ಯಾಕೇಜಿನ ಚಿಕಿತ್ಸೆಗೆ ಬೇರೆ ಹಣ ಕೇಳುವಂತಿಲ್ಲ.

ತುರ್ತಲ್ಲದ ಆಪರೇಷನ್ ಎಂದಾದರೆ ಇನ್ನೊಬ್ಬ ಡಾಕ್ಟರರ ಅಭಿಪ್ರಾಯ ಪಡೆಯಿರಿ. ತಾಲೂಕು ಆಸ್ಪತ್ರೆಯಲ್ಲಿ ಹೆಂಗಸರ ಡಾಕ್ಟರರು ಇದ್ದರೆ ಅಲ್ಲಿ, ಇಲ್ಲವೇ ಮಂಗಳೂರಿನ ಲೇಡಿಗೋಶನ್‌ನಲ್ಲಿ ತೋರಿಸಬಹುದು. ಬಸ್ಸಿನ ಚಾರ್ಜು, ಒಂದು ದಿನದ ಕೆಲಸ ಹೋದೀತು; ಹೋಗಲಿ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರೆದುಕೊಂಡು ಹೋದರೆ ಭಾಷೆಯ ತೊಂದರೆಯೂ ಅರ್ಧ ನೀಗುತ್ತದೆ.

ಖಾಸಗಿ ಆಸ್ಪತ್ರೆಗಳಿಗೂ ಕಾನೂನು ಉಂಟು. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾಗಿ ರೋಗಿಯ ಹಕ್ಕುಗಳ ಸನ್ನದು ಅದರೊಳಗೆ ಸೇರಿತು. ತುರ್ತು ರೋಗಿಯ ಮುಂದೆ ಮುಂಗಡ ಹಣವೆಂದು ಕೈ ಚಾಚುವಂತಿಲ್ಲ. ದರಗಳನ್ನು ಕಾಣುವಂತೆ ಹಾಕಿರಬೇಕು. ದೂರಿದ್ದರೆ ಜಿಲ್ಲಾಧಿಕಾರಿಗಳ ಮುಂದಾಳತ್ವದ ಪ್ರಾಧಿಕಾರಕ್ಕೆ ಕೊಡಬಹುದು.

ಇನ್ನು ಕಾಗದಗಳ ಮಾತು ಒಂದು ಬಾಕಿ. ರೇಷನ್ ಕಾರ್ಡು, ಮನೆಯವರೆಲ್ಲರ ಆಧಾರ್, ಯಶಸ್ವಿನಿ ಕಾರ್ಡು, ಹಿಂದಿನ ಚೀಟಿ, ಸ್ಕ್ಯಾನ್, ಬಿಡುಗಡೆಯ ಸಾರಾಂಶ, ಎಲ್ಲವನ್ನೂ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಗೋಡೆಯ ಮೊಳೆಗೆ ತೂಗುಹಾಕಿ. ಕಪಾಟಿನೊಳಗೆ ಬೀಗ ಹಾಕಿಟ್ಟರೆ ಬೀಗದ ಕೈ ಯಾರಲ್ಲಿ ಎಂದು ಹುಡುಕುವುದರಲ್ಲಿಯೇ ಹೊತ್ತು ಹೋಗುತ್ತದೆ. ಮರ ಹತ್ತಲು ಬರುವ ಆಳಿಗೂ ಮದ್ದು ಬಿಡುವ ದಿನ ಬೆಳಿಗ್ಗೆ ಚಾ ಕೊಡುವಾಗ ಕೇಳಿಬಿಡಿ, "ನಿನ್ನ ಕಾರ್ಡು ಎಲ್ಲಿ ಉಂಟು ಮಾರಾಯ, ಮನೆಯಲ್ಲಿ ಯಾರಿಗೆ ಗೊತ್ತು?" ಎಂದು.