ಕುತ್ತಿಗೆ ಉಳುಕಿದರೆ ಕಡೆಗಣಿಸಬೇಡಿ



ನಾನು ಡಾಕ್ಟರಲ್ಲ. ಹತ್ತನೇ ಕ್ಲಾಸು ಮುಗಿಸಿ ಊರಿಂದ ಬಂದು, ಹಡಪಸರದಲ್ಲಿ ಗಲ್ಲಾ ಮೇಲೆ ಕೂತವನು. ಆದರೆ ನಮ್ಮ ಹೋಟೆಲಿನಲ್ಲಿ ನಡೆದ ಒಂದು ಸಂಗತಿಯನ್ನು ನಿಮ್ಮ ಮುಂದೆ ಇಡಲೇಬೇಕು ಅನಿಸಿದೆ. ತಪ್ಪು ನನ್ನದು, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ದೋಸೆ ಭಟ್ಟರು ಕುಂದಾಪುರದ ಕಡೆಯವರು. ಕಟ್ಟುಮಸ್ತಾದ ಆಳು. ರಜೆ ದಿನ ಹುಡುಗರ ಜೊತೆ ಕ್ರಿಕೆಟ್ಟೂ ಆಡುತ್ತಿದ್ದರು. ಒಂದು ಭಾನುವಾರ ಬೆಳಿಗ್ಗೆ ಎದ್ದಾಗ ಅವರ ಕುತ್ತಿಗೆ ಎಡಕ್ಕೆ ವಾಲಿಕೊಂಡೇ ಇತ್ತು, ತಿರುಗಿಸಲು ಬರಲೊಲ್ಲದು. ಇಲ್ಲಿನವರು "ಮಾನ್ ಲಚಕ್‌ಲಿ" ಅನ್ನುತ್ತಾರಲ್ಲ, ಅದೇ. ಭಾನುವಾರದ ರಶ್ಶು ನಿಮಗೆ ಗೊತ್ತೇ ಇದೆ. ನಾನು ಒಂದು ನೋವಿನ ಮಾತ್ರೆ ಕೊಟ್ಟು, "ಭಟ್ರೇ, ಇವತ್ತೊಂದು ದಿನ ಸುಧಾರಿಸಿ" ಅಂದೆ. ಅವರು ಸುಧಾರಿಸಿದರು. ಮರುದಿನವೂ ಸುಧಾರಿಸಿದರು. ಹೀಗೆ ಮೂರು ವಾರ ಹೋಯಿತು. ಕೈಗೆ ಜೋಮು ಹಿಡಿಯುತ್ತದೆ ಎಂದು ಎರಡು ಸಲ ಹೇಳಿದ್ದರು. ತವಾದ ಬಿಸಿಗೆ ಇರಬೇಕು ಅಂದುಬಿಟ್ಟೆ. ಒಂದು ದಿನ ಹಿಟ್ಟಿನ ಸೌಟು ಕೈಯಿಂದ ಜಾರಿ ತವಾ ಮೇಲೆ ಬಿತ್ತು. ಆಮೇಲೆ ಆಸ್ಪತ್ರೆ, ಎಂಆರ್‌ಐ. ಮಣಿಗಳ ನಡುವಿನ ಗಾದಿ ಜರುಗಿ ನರವನ್ನು ಒತ್ತುತ್ತಿದೆ, ಕೈಗೆ ಜೋಮು ಬಂದಾಗಲೇ ಕರೆತರಬೇಕಿತ್ತು ಎಂದರು ಡಾಕ್ಟರು. ಆಪರೇಷನ್ ಆಯಿತು. ನೋವು ಹೋಯಿತು, ಆದರೆ ಬಲಗೈಯ ಹಿಡಿತ ಮೊದಲಿನಂತೆ ಬರಲಿಲ್ಲ.

ಆಗ ಡಾಕ್ಟರು ನನಗೆ ತಿಳಿಸಿ ಹೇಳಿದ್ದು ಇಷ್ಟು. ಕುತ್ತಿಗೆಯಲ್ಲಿ 7 ಮಣಿಗಳು. ಅದರ ಮೇಲೆ ನಮ್ಮ ತಲೆ, ತೂಕ ಸುಮಾರು ನಾಲ್ಕೂವರೆಯಿಂದ ಐದು ಕಿಲೋ. ನಮ್ಮ 5 ಲೀಟರ್ ಎಣ್ಣೆ ಕ್ಯಾನ್ ಎಷ್ಟೋ ಅಷ್ಟೇ ಅನ್ನಿ. ಆ ಕ್ಯಾನನ್ನು ಎದೆಗೆ ಒತ್ತಿ ಹಿಡಿದರೆ ಭಾರ ಗೊತ್ತಾಗುವುದಿಲ್ಲ, ಕೈ ಮುಂದೆ ಚಾಚಿ ಹಿಡಿದರೆ ಎರಡು ನಿಮಿಷಕ್ಕೆ ಭುಜ ನಡುಗುತ್ತದೆ. ತಲೆ ಬಗ್ಗಿಸಿ ನಿಂತಾಗ ಕುತ್ತಿಗೆಯ ಹಿಂಭಾಗದ ಸ್ನಾಯುಗಳಿಗೆ ಆಗುವುದೂ ಅದೇ. ಕೆಳಗಿನ ಕಟ್ಟೆಯ ಮೇಲೆ ನಾಲ್ಕು ತಾಸು ಈರುಳ್ಳಿ ಹೆಚ್ಚುವ ಹುಡುಗ, ತವಾ ಮುಂದಿನ ಭಟ್ಟರು, ಮೊಬೈಲ್ ನೋಡುತ್ತಾ ಗಲ್ಲಾದಲ್ಲಿ ಕೂತ ನಾವು, ಎಲ್ಲರೂ ಅದೇ ಸಾಲು. ಹೀಗೆ ದಣಿದ ಸ್ನಾಯು, ಫಕ್ಕನೆ ತಿರುಗಿದಾಗಲೋ, ಅಟ್ಟದ ಮೇಲಿಂದ ಡಬ್ಬ ಇಳಿಸುವಾಗಲೋ, ಓರೆಯಾಗಿ ಮಲಗಿದಾಗಲೋ ಬಿಗಿದುಕೊಳ್ಳುತ್ತದೆ. ಗಟ್ಟಿಮುಟ್ಟಾಗಿ ಓಡಾಡುವವರಿಗೆ ಇದು ಬರುವುದಿಲ್ಲ ಎಂಬ ಧೈರ್ಯ ಬೇಡ. ವರ್ಷಕ್ಕೊಮ್ಮೆ ಸಂಘದ ಕ್ರೀಡಾಕೂಟದಲ್ಲಿ ಮೈ ಬಿಸಿ ಮಾಡದೆ ವಾಲಿಬಾಲ್ ಹೊಡೆಯುವ ನಮ್ಮಂಥವರಿಗೆ ಮರುದಿನ ಏನಾಗುತ್ತದೆ ಎಂಬುದು ನಮ್ಮ ನಮ್ಮ ಮನೆಯವರಿಗೆ ಗೊತ್ತು!

ಹೆಚ್ಚಿನ ಉಳುಕು ಕೆಲವು ದಿನಗಳಿಂದ ಒಂದೆರಡು ವಾರದೊಳಗೆ ತಾನಾಗಿ ಬಿಡುತ್ತದೆ. ಬಿಸಿ ಶಾಖ ಒಳ್ಳೆಯದು. ಅಕ್ಕಿಯನ್ನು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿದರೆ ಸಾಕು, ಚರ್ಮ ಸುಡದಂತೆ ಮೊದಲು ಕೈಗೆ ಮುಟ್ಟಿಸಿ ನೋಡಿ. ಪೂರ್ತಿ ಅಲುಗಾಡದೆ ಮಲಗಿರಬಾರದು, ನೋವು ತಡೆಯುವಷ್ಟು ಮೆಲ್ಲಗೆ ತಿರುಗಿಸುತ್ತಿರಬೇಕು. ಪಟ್ಟಿಯನ್ನು ತಿಂಗಳುಗಟ್ಟಲೆ ಕಟ್ಟಿಕೊಂಡರೆ ಸ್ನಾಯು ಇನ್ನೂ ಸೋಲುತ್ತದೆ. ನೋವಿನ ಮಾತ್ರೆಯನ್ನು ಖಾಲಿ ಹೊಟ್ಟೆಗೆ, ದಿನಗಟ್ಟಲೆ, ನಾವೇ ಡಾಕ್ಟರಾಗಿ ನುಂಗಿಸಬಾರದು. ಬಿಪಿ, ಕಿಡ್ನಿ, ಅಲ್ಸರ್ ಇದ್ದವರಿಗಂತೂ ಡಾಕ್ಟರನ್ನು ಕೇಳದೆ ಬೇಡವೇ ಬೇಡ.

ಕಟಿಂಗ್ ಮಾಡಿಸಿದ ಮೇಲೆ ಕುತ್ತಿಗೆ "ಲಟಕ್" ಅನ್ನಿಸಿಕೊಳ್ಳುವ ಚಟ ನಮ್ಮ ಹುಡುಗರಲ್ಲಿ ಬಹಳ. ನನಗೂ ಇತ್ತು, ಬಿಟ್ಟೆ. ಮೆದುಳಿಗೆ ರಕ್ತ ಒಯ್ಯುವ ಎರಡು ನಾಳಗಳು ಈ ಮಣಿಗಳ ರಂಧ್ರಗಳ ಮೂಲಕವೇ ಮೇಲೆ ಹೋಗುತ್ತವೆ. ಜೋರಾಗಿ ತಿರುಚಿದರೆ ಅಪರೂಪಕ್ಕೆ ಅವು ಒಳಗೆ ಹರಿದು ಲಕ್ವ ಹೊಡೆಯಬಹುದು. ತಲೆ ತೊಳೆಸಲು ಬ್ಯೂಟಿ ಪಾರ್ಲರಿನ ಬೇಸಿನ್ ಮೇಲೆ ಕುತ್ತಿಗೆ ಹಿಂದಕ್ಕೆ ಚಾಚಿದ ಐವರಿಗೆ ಹೀಗೆ ಮೆದುಳಿನ ರಕ್ತ ಸಂಚಾರಕ್ಕೆ ತೊಂದರೆಯಾದುದನ್ನು 1993ರಲ್ಲೇ ಅಮೆರಿಕದ ಒಬ್ಬ ವೈದ್ಯರು ಬರೆದಿದ್ದಾರೆ. ಉಳುಕಿದ ಕುತ್ತಿಗೆಯನ್ನು ತಿರುಚಿ ಸರಿಮಾಡುವವರ ಹತ್ತಿರ ದಯವಿಟ್ಟು ಹೋಗಬೇಡಿ.

ಕೆಲವು ಲಕ್ಷಣ ಕಂಡರೆ ರಶ್ಶು ನೋಡದೆ ಹೊರಡಬೇಕು. ಕೈಗೆ ಜೋಮು, ಹಿಡಿತ ಸಡಿಲ, ನಡಿಗೆ ತಪ್ಪುವುದು, ಒಂದಕ್ಕೆ ಎರಡಕ್ಕೆ ಹಿಡಿತ ತಪ್ಪುವುದು. ಜ್ವರ, ತಲೆನೋವಿನ ಜೊತೆ ಗಲ್ಲವನ್ನು ಎದೆಗೆ ತಾಗಿಸಲಾಗದಷ್ಟು ಕುತ್ತಿಗೆ ಬಿಗಿತ ಇದ್ದರೆ ಅದು ಮೆದುಳು ಜ್ವರ ಇರಬಹುದು. ಫಕ್ಕನೆ ಹಿಂದೆಂದೂ ಕಾಣದ ನೋವಿನೊಂದಿಗೆ ತಲೆಸುತ್ತು, ಮಾತು ತೊದಲು. ಸೋಲಾಪುರ ರೋಡಿನಲ್ಲಿ ಸ್ಕೂಟರಿನಿಂದ ಬಿದ್ದ ಮೇಲೆ ಬಂದ ಕುತ್ತಿಗೆ ನೋವು. ಇನ್ನೊಂದು ನಮ್ಮ ವಯಸ್ಸಿನವರಿಗೆ: ಎದೆ ಬಿಗಿದು, ಬೆವರಿ, ನೋವು ಕುತ್ತಿಗೆ, ದವಡೆ, ಎಡಗೈಗೆ ಹರಿದರೆ ಅದು ಉಳುಕಲ್ಲ, ಹೃದಯ. ಬಾಮು ಹಚ್ಚುತ್ತಾ ಕೂರಬೇಡಿ.

ಪುಣೆಯ ಕನ್ನಡಿಗರಾದ ನಮಗೆ ಒಂದು ಹೆಮ್ಮೆ ಇದೆ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಅವರು ಚಿಕ್ಕಂದಿನಲ್ಲಿ ರೋಗದಿಂದ ಸೊರಗಿದ್ದವರು. 1937ರಲ್ಲಿ ಯೋಗ ಕಲಿಸಲು ಪುಣೆಗೆ ಬಂದು, 2014ರಲ್ಲಿ ತೀರಿಕೊಳ್ಳುವವರೆಗೆ ಇದೇ ಊರಿನವರಾಗಿ ಉಳಿದರು. ಶಿವಾಜಿನಗರದಲ್ಲಿ 1975ರಲ್ಲಿ ಆರಂಭವಾದ ಅವರ ಸಂಸ್ಥೆಯಲ್ಲಿ ಕುರ್ಚಿ, ಬೆಲ್ಟು, ಹಗ್ಗ, ಮರದ ತುಂಡು ಆಸರೆಯಾಗಿಟ್ಟು ಬಗ್ಗದ ಮೈಯವರಿಗೂ ಆಸನ ಮಾಡಿಸುವ ಪದ್ಧತಿ. ನಮಗೆ ಬೇಕಾದ ಕುರ್ಚಿ, ಗೋಡೆ ಹೋಟೆಲಿನಲ್ಲೇ ಇವೆ. ಬೆಳಿಗ್ಗೆ ಶಟರ್ ಎತ್ತುವ ಮೊದಲು ಐದು ನಿಮಿಷ ನಮ್ಮ ಹುಡುಗರು ಗೋಡೆಗೆ ಬೆನ್ನು ಕೊಟ್ಟು ನಿಂತು ಭುಜ ತಿರುಗಿಸುತ್ತಾರೆ, ತಲೆಯನ್ನು ಎಡಬಲಕ್ಕೆ ಮೆಲ್ಲಗೆ ಹೊರಳಿಸುತ್ತಾರೆ. ಕುತ್ತಿಗೆ ನೋವಿದ್ದವರು ಶೀರ್ಷಾಸನದ ಸಾಹಸ ಮಾಡಬಾರದು.

ಕಿಚನ್‌ನಲ್ಲೂ ಕೆಲವು ಬದಲಾವಣೆ ಮಾಡಿದೆ, ಖರ್ಚು ದೊಡ್ಡದಲ್ಲ. ಹೆಚ್ಚುವ ಕಟ್ಟೆಯನ್ನು ಮೊಣಕೈಗಿಂತ ಸ್ವಲ್ಪ ಕೆಳಗೆ ಬರುವಷ್ಟು ಎತ್ತರಿಸಿದೆ, ಗಿಡ್ಡ ಹುಡುಗರಿಗೆ ನಿಲ್ಲಲು ಹಲಗೆ. ದಿನಾ ಬೇಕಾಗುವ ಡಬ್ಬಗಳು ಅಟ್ಟದಿಂದ ಕೆಳಗಿಳಿದವು. ಸಾಂಬಾರಿನ ದೊಡ್ಡ ಪಾತ್ರೆಗೆ ಇಬ್ಬರು ಕೈ ಹಾಕಲೇಬೇಕು. ಮಾರ್ಕೆಟ್ ಯಾರ್ಡಿನಿಂದ ಬಂದ ಮೂಟೆಯನ್ನು ತಲೆ ಮೇಲೆ ಹೊರುವಂತಿಲ್ಲ, ಕೈಗಾಡಿ ತಂದಿದ್ದೇನೆ. ತವಾ, ಹೆಚ್ಚುವ ಕೆಲಸ ಎರಡು ತಾಸಿಗೊಮ್ಮೆ ಅದಲುಬದಲು. ಪಾರ್ಸೆಲ್ ಆರ್ಡರಿನ ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಬಿಲ್ ಬರೆಯುವ ನನ್ನ ಅಭ್ಯಾಸವೂ ಹೋಯಿತು.

ಇನ್ನು ಮಲಗುವುದು. ಹಿಂದೆ ನಾವು ಎರಡು ಬೆಂಚು ಜೋಡಿಸಿ, ಮೈದಾ ಚೀಲ ಮಡಚಿ ತಲೆಗಿಟ್ಟು ಮಲಗಿದವರು. ನಾವು ಮಲಗಿದ್ದೆವು ಎಂದು ಹುಡುಗರೂ ಮಲಗಬೇಕೆಂದಿಲ್ಲ. ರೂಮು ನೋಡಲು ಹೋದಾಗ ಒಬ್ಬನ ತಲೆಯಡಿಗೆ ಸುತ್ತಿದ ಏಪ್ರನ್, ಇನ್ನೊಬ್ಬನಿಗೆ ಬ್ಯಾಗು. ಎಲ್ಲರಿಗೂ ಒಂದೊಂದು ದಿಂಬು ತಂದೆ, ತೀರಾ ದಪ್ಪವಲ್ಲದ್ದು. ಇಷ್ಟು ವರ್ಷ ಯಾಕೆ ಹೊಳೆಯಲಿಲ್ಲವೋ!

ಭಟ್ಟರು ಈಗ ನಮ್ಮಲ್ಲೇ ಇದ್ದಾರೆ, ಅದೇ ಸಂಬಳ. ಸೌಟು ಹಿಡಿಯುವುದಿಲ್ಲ. ಹೊಸ ಹುಡುಗನ ಪಕ್ಕದಲ್ಲಿ ಸ್ಟೂಲ್ ಹಾಕಿ ಕೂತು, ತವಾ ಕಾದಿದೆಯೋ ಇಲ್ಲವೋ ನೀರು ಚಿಮುಕಿಸಿ ತೋರಿಸುತ್ತಾರೆ, ಎಡಗೈಯಲ್ಲಿ.