ಒಂದು ಚಿತ್ರದ ಪೂರ್ವಾಪರ

ಹರಾಜಿನಲ್ಲಿ ಯಾವುದೋ ಚಿತ್ರ ಕೋಟಿಗಟ್ಟಲೆಗೆ ಹೋಯಿತು ಅಂತ ಪೇಪರಿನಲ್ಲಿ ಓದಿದಾಗ ನಮ್ಮಂಥವರಿಗೆ ಮೊದಲು ಬರುವ ಮಾತು, “ಬಟ್ಟೆಗೂ ಬಣ್ಣಕ್ಕೂ ಇಷ್ಟೊಂದು ದುಡ್ಡೇ?” ಕಲಾವಿದನ ಹೆಸರಿಗೆ ಬೆಲೆ ಅನ್ನೋಣ. ಆದರೆ ಚಿತ್ರ ಅವನದೇ ಅನ್ನುವುದಕ್ಕೆ ಏನು ಆಧಾರ? ಮಾರುವವನಿಗೆ ಅದನ್ನು ಮಾರುವ ಹಕ್ಕಿದೆಯೇ? ಈ ಎರಡಕ್ಕೂ ಉತ್ತರ ಹುಡುಕುವುದು ಚಿತ್ರದ ಪೂರ್ವಾಪರದಲ್ಲಿ. ಹರಾಜಿನವರು ಇದನ್ನು ‘ಪ್ರಾವೆನನ್ಸ್’ ಅನ್ನುತ್ತಾರೆ. ಕಲಾವಿದನ ಕೈಬಿಟ್ಟ ದಿನದಿಂದ ಚಿತ್ರ ಯಾರ ಯಾರ ಕೈಗೆ, ಯಾವಾಗ, ಹೇಗೆ ಹೋಯಿತು ಅನ್ನುವ ಪಟ್ಟಿ ಅದು.

ಕಾಮರ್ಸಿನವರಿಗೆ ಇದು ಅಪರಿಚಿತವೇನಲ್ಲ. ಹುಂಡಿ ಕೈಯಿಂದ ಕೈಗೆ ಹೋಗುವಾಗ ಅದರ ಬೆನ್ನ ಮೇಲೆ ಹಿಂಬರಹ ಬೀಳುತ್ತದಲ್ಲ, ಹಾಗೇ ಚಿತ್ರದ ಬೆನ್ನಿಗೂ ಗ್ಯಾಲರಿಯ ಚೀಟಿ, ಪ್ರದರ್ಶನದ ನಂಬರು ಅಂಟಿಕೊಂಡಿರುತ್ತವೆ. ಜೊತೆಗೆ ರಸೀತಿ, ಪತ್ರ, ಹಳೆಯ ಕ್ಯಾಟಲಾಗು, ಫೋಟೋ. ಚಿತ್ರದ ಮುಖ ನೋಡುವವರು ನಾವು. ವ್ಯಾಪಾರಿ ಮೊದಲು ಬೆನ್ನು ನೋಡುತ್ತಾನೆ.

ಮುಂಬಯಿಯಲ್ಲಿ ಸಿನಿಮಾ ಬೋರ್ಡು ಬರೆದು ಬದುಕಿದ್ದ ಎಂ. ಎಫ್. ಹುಸೇನರ ‘ಗ್ರಾಮಯಾತ್ರಾ’ವನ್ನೇ ನೋಡಿ. ಸುಮಾರು 14 ಅಡಿ ಅಗಲದ ಈ ಚಿತ್ರವನ್ನು 1954ರಲ್ಲಿ ಲಿಯಾನ್ ವೊಲೊಡಾರ್ಸ್ಕಿ ಎಂಬ ವೈದ್ಯರು ಕೊಂಡರು. ವಿಶ್ವ ಆರೋಗ್ಯ ಸಂಸ್ಥೆಯ ಕೆಲಸಕ್ಕೆ ಅವರು ದೆಹಲಿಗೆ ಬಂದಿದ್ದರು. ಚಿತ್ರ ಅವರ ಜೊತೆ ನಾರ್ವೆಗೆ ಹೋಯಿತು; 1964ರಲ್ಲಿ ಓಸ್ಲೋದ ಆಸ್ಪತ್ರೆಗೆ ಸೇರಿತು. ದಶಕಗಟ್ಟಲೆ ಅಲ್ಲಿಯ ಗೋಡೆಯ ಮೇಲಿದ್ದು, 2025ರ ಮಾರ್ಚಿನಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿಗೆ ಬಂತು. ಬಂದ ಬೆಲೆ 137 ಲಕ್ಷ ಡಾಲರಿಗೂ ಹೆಚ್ಚು, ಅಂದರೆ ನೂರು ಕೋಟಿ ರೂಪಾಯಿಗೂ ಮೇಲೆ. ಆಧುನಿಕ ಭಾರತೀಯ ಚಿತ್ರಕ್ಕೆ ಅದು ಅಲ್ಲಿಯವರೆಗಿನ ದಾಖಲೆ. ಎಪ್ಪತ್ತು ವರ್ಷದಲ್ಲಿ ಒಡೆಯರು ಇಬ್ಬರೇ. ನಡುವೆ ಎಲ್ಲೂ ಕೊಂಡಿ ತಪ್ಪಿಲ್ಲ. ಕೊಳ್ಳುವವನಿಗೆ ಇದೇ ದೊಡ್ಡ ಧೈರ್ಯ.

ಅದೇ ಹುಸೇನರ ಇನ್ನು 25 ಚಿತ್ರಗಳ ಕಥೆ ಇಷ್ಟು ಸರಳವಲ್ಲ. ಅದು ನಡೆದದ್ದು ನಮ್ಮ ಊರಲ್ಲೇ. 2004ರಲ್ಲಿ ಮುಂಬಯಿಯ ಒಬ್ಬ ಉದ್ಯಮಿ ನೂರು ಚಿತ್ರಕ್ಕೆ ನೂರು ಕೋಟಿ ಅಂತ ಹುಸೇನರ ಜೊತೆ ಒಪ್ಪಂದ ಮಾಡಿಕೊಂಡರು. ಮೊದಲ 25 ಚಿತ್ರ ಕೈಸೇರಿದವು. ಅಷ್ಟರಲ್ಲಿ ಆ ಉದ್ಯಮಿಯ ಕಂಪನಿಗೂ ನಾಫೆಡ್ ಎಂಬ ಸಹಕಾರಿ ಮಾರಾಟ ಸಂಸ್ಥೆಗೂ ನೂರಾರು ಕೋಟಿ ಸಾಲದ ವ್ಯಾಜ್ಯ ಎದ್ದಿತು. 2008ರಲ್ಲಿ ನ್ಯಾಯಮಂಡಳಿ ಸಾಲದ ಭದ್ರತೆಗೆಂದು ಹಿಡಿದಿಡಲು ಒಪ್ಪಿದ ಆಸ್ತಿಯಲ್ಲಿ ಈ ಚಿತ್ರಗಳೂ ಸೇರಿದ್ದವು. ಮುಂದೆ ಹದಿನೇಳು ವರ್ಷ ಅವು ಹರಾಜಿನ ಮುಖ ಕಾಣಲಿಲ್ಲ. 2025ರಲ್ಲಿ ಬಾಂಬೆ ಹೈಕೋರ್ಟು ದಾರಿ ಬಿಟ್ಟುಕೊಟ್ಟ ಮೇಲೆ, ಜೂನ್ 12ರಂದು ಪಂಡೋಲ್ಸ್ ಸಂಸ್ಥೆಯವರು ಹರಾಜು ನಡೆಸಿದರು. ಇಪ್ಪತ್ತೈದೂ ಮಾರಾಟವಾಗಿ 67 ಕೋಟಿಗೂ ಹೆಚ್ಚು ಬಂತು.

ಇಲ್ಲಿ ಬರೆದವರು ಯಾರು ಅನ್ನುವುದಕ್ಕಿಂತ ಮಾರಬಹುದಾದವರು ಯಾರು ಅನ್ನುವುದೇ ದೊಡ್ಡ ಪ್ರಶ್ನೆಯಾಗಿತ್ತು. 1930ರ ಸರಕು ಮಾರಾಟ ಕಾಯಿದೆಯ 27ನೆಯ ಕಲಮನ್ನು ನಾವು ಪರೀಕ್ಷೆಗೆಂದು ಬಾಯಿಪಾಠ ಮಾಡುತ್ತೇವೆ: ಮಾರುವವನಿಗೆ ಇರುವುದಕ್ಕಿಂತ ಹೆಚ್ಚಿನ ಹಕ್ಕು ಕೊಳ್ಳುವವನಿಗೆ ಸಾಮಾನ್ಯವಾಗಿ ಬಾರದು. ಕುದುರೆ, ಗಡಿಯಾರದ ಉದಾಹರಣೆ ಬರೆದು ಮಾರ್ಕು ತೆಗೆದುಕೊಳ್ಳುತ್ತೇವೆ. ಕೋಟಿ ಬೆಲೆಯ ಚಿತ್ರಕ್ಕೂ ಅದೇ ಕಲಮು. ಕೋರ್ಟಿನ ಹುಕುಮು ಇಲ್ಲದೆ ಆ ಚಿತ್ರಗಳಿಗೆ ಅಂದು ಅಷ್ಟು ಜನ ಕೈಯೆತ್ತುತ್ತಿದ್ದರೇ?

ಇದೆಲ್ಲ ದೊಡ್ಡವರ ವ್ಯವಹಾರ, ನಮಗೇಕೆ ಅನ್ನಬೇಡಿ. ಉಡುಪಿ ಕಡೆಯ ಕಟ್ಟಿಂಗೇರಿಯಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರು (1911–1996) ಚಿತ್ರಕಲೆ ಕಲಿತು ಬಾಳಿದ್ದು ಈ ಮುಂಬಯಿಯಲ್ಲೇ. ಇಲ್ಲಿನ ಯಾವ ಕನ್ನಡಿಗರ ಮನೆಯಲ್ಲಾದರೂ ಇಂಥವರು ಕೊಟ್ಟ ಒಂದು ರೇಖಾಚಿತ್ರ ಇದ್ದರೆ, ಅದನ್ನು ಪಡೆದ ಅಜ್ಜನಿಗೆ ಆ ದಿನ ನೆನಪಿರುತ್ತದೆ, ಮೊಮ್ಮಗನಿಗೆ ಇರುವುದಿಲ್ಲ. ಚಾಳಿನ ಖೋಲಿ ಬಿಟ್ಟು ಫ್ಲ್ಯಾಟಿಗೆ ಹೋಗುವಾಗ ಚಿತ್ರ ಉಳಿದರೂ ಕಾಗದ ರದ್ದಿಗೆ ಹೋಗುತ್ತದೆ. ಆಮೇಲೆ ಅಸಲು ಚಿತ್ರವೂ ನಕಲಿಯ ಹಾಗೆ ತಲೆತಗ್ಗಿಸಿ ನಿಲ್ಲಬೇಕು. ಆದ್ದರಿಂದ ಹಿರಿಯರು ಇರುವಾಗಲೇ ಕೇಳಿ: ಯಾರು ಕೊಟ್ಟರು, ಯಾವ ವರ್ಷ, ಯಾಕೆ ಕೊಟ್ಟರು? ಒಂದು ಹಾಳೆಯಲ್ಲಿ ಬರೆದು ಅವರ ಸಹಿ ಹಾಕಿಸಿ, ಚಿತ್ರದ ಫೋಟೋ ಜೊತೆ ಫೈಲಿನಲ್ಲಿಡಿ. ಎರಡು ರೂಪಾಯಿ ಕಾಗದದ ಕೆಲಸ ಅಷ್ಟೆ.